ಕಡಲಿಗೆ ಗೆರೆ ಎಳೆಯುವ ಸಾಫ್ಟ್‌ವೇರ್: ಸಮುದ್ರವನ್ನು ಹಂಚಿಕೊಳ್ಳುವುದು ಹೇಗೆ?

ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಪುಟ್ಟ ದ್ವೀಪ, ಆದರೆ ಅದರ ಸುತ್ತಲಿನ ನೀರಿಗೆ ಗಿರಾಕಿಗಳು ಬಹಳ. ಹವಳ ನೋಡಲು ಸ್ಕೂಬಾ ಡೈವಿಂಗ್‌ನವರು ಬರುತ್ತಾರೆ. ಮೀನುಗಾರರು ಬಲೆ ಹಾಕುತ್ತಾರೆ. ಬಂಡೆಗಳ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೂ ಇದನ್ನು ಬಳಸಿದೆ.

ಊರಿನೊಳಗೆ ಒಂದೇ ಜಾಗ ನಾಲ್ಕು ಜನಕ್ಕೆ ಬೇಕಾದರೆ ಏನು ಮಾಡುತ್ತೇವೆ? ಪಹಣಿ ತೆಗೆಸುತ್ತೇವೆ, ಸರ್ವೆಯವರನ್ನು ಕರೆಸುತ್ತೇವೆ, ಕೊನೆಗೆ ಬೇಲಿ ಹಾಕುತ್ತೇವೆ. ಕಡಲಿಗೆ ಪಹಣಿ ಇಲ್ಲ. ಬೇಲಿಯಂತೂ ಸಾಧ್ಯವೇ ಇಲ್ಲ. ಆದರೆ ಬೇಡಿಕೆ ಮಾತ್ರ ಏರುತ್ತಲೇ ಇದೆ. ಬಂದರು, ತೈಲ ಕೊಳವೆ, ಇಂಟರ್ನೆಟ್ ಕೇಬಲ್, ಗಾಳಿ ವಿದ್ಯುತ್, ಪ್ರವಾಸ, ಮೀನು ಸಾಕಣೆ, ಎಲ್ಲವಕ್ಕೂ ಅದೇ ನೀರು ಬೇಕು.

ಯಾವ ನೀರು ಯಾವ ಬಳಕೆಗೆ ಅಂತ ಮೊದಲೇ ನಕ್ಷೆಯ ಮೇಲೆ ಗೆರೆ ಎಳೆಯುವ ಕೆಲಸ ಈಗ ಭಾರತದಲ್ಲೂ ಶುರುವಾಗಿದೆ. 2019ರಲ್ಲಿ ನಾರ್ವೆ ಜೊತೆ ಮಾಡಿಕೊಂಡ ಸಾಗರ ಸಹಕಾರದ ಭಾಗವಾಗಿ, ಪುದುಚೇರಿ ಮತ್ತು ಲಕ್ಷದ್ವೀಪಗಳನ್ನು ಮೊದಲ ಪ್ರಯೋಗಕ್ಕೆ ಆರಿಸಲಾಯಿತು. ಅಲ್ಲಿ ನಡೆದದ್ದು ನಾಳೆ ಕರಾವಳಿಯ ಬೇರೆ ರಾಜ್ಯಗಳಿಗೂ ಬರಬಹುದು. ಹಾಗಾಗಿ ಈ ಗೆರೆಗಳನ್ನು ಯಾರು, ಯಾವ ಲೆಕ್ಕದ ಮೇಲೆ, ಯಾವ ಸಾಫ್ಟ್‌ವೇರ್ ಇಟ್ಟುಕೊಂಡು ಎಳೆಯುತ್ತಾರೆ ಅಂತ ತಿಳಿದಿರುವುದು ಒಳ್ಳೆಯದು.

ಇದು ಬೆಂಬಲ ಬೆಲೆಯ ಎಂಎಸ್‌ಪಿ ಅಲ್ಲ

ಈ ಕೆಲಸಕ್ಕೆ ಮರೈನ್ ಸ್ಪೇಷಿಯಲ್ ಪ್ಲ್ಯಾನಿಂಗ್ ಎಂದು ಹೆಸರು. ಚುಟುಕಾಗಿ ಎಂಎಸ್‌ಪಿ. ನಮ್ಮಲ್ಲಿ ಆ ಮೂರಕ್ಷರ ಕೇಳಿದರೆ ಭತ್ತ, ತೊಗರಿ ನೆನಪಾಗುತ್ತವೆ. ಗೊಂದಲ ಬೇಡ ಅಂತ ಇಲ್ಲಿ 'ಕಡಲ ಬಳಕೆ ಯೋಜನೆ' ಎಂದು ಕರೆಯೋಣ.

ಅರ್ಥ ಸರಳ. ಸಮುದ್ರದ ಯಾವ ಭಾಗದಲ್ಲಿ ಏನು ನಡೆಯಬಹುದು, ಏನು ನಡೆಯಬಾರದು, ಯಾವಾಗ ನಡೆಯಬಹುದು ಎಂಬುದನ್ನು ಎಲ್ಲರೂ ಕೂತು ಮೊದಲೇ ತೀರ್ಮಾನಿಸುವುದು. ಜಗಳ ಆದ ಮೇಲೆ ಪಂಚಾಯಿತಿ ಸೇರಿಸುವ ಬದಲು, ಜಗಳಕ್ಕೆ ಮುಂಚೆಯೇ ಸೇರಿಸಿದ ಹಾಗೆ. ಯುನೆಸ್ಕೊ 2009ರಲ್ಲಿ ಇದಕ್ಕೊಂದು ಕೈಪಿಡಿ ಹೊರತಂದಿತು. ಇಡೀ ಕೆಲಸವನ್ನು 10 ಹೆಜ್ಜೆಗಳಾಗಿ ವಿಂಗಡಿಸಿದ ಆ ಪುಸ್ತಕವನ್ನು ಬಹಳ ದೇಶಗಳು ಬಳಸಿಕೊಂಡಿವೆ.

ನಗರದ ಮಾಸ್ಟರ್ ಪ್ಲ್ಯಾನ್‌ಗೂ ಇದಕ್ಕೂ ಹೋಲಿಕೆ ಇದೆ. ಅಲ್ಲಿ ವಸತಿ ಪ್ರದೇಶಕ್ಕೆ ಹಳದಿ, ಕೈಗಾರಿಕೆಗೆ ನೇರಳೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ. ಆದರೆ ಕಡಲಿನಲ್ಲಿ ಎರಡು ತೊಡಕು ಜಾಸ್ತಿ. ಒಂದು, ಅದಕ್ಕೆ ಆಳ ಇದೆ. ಮೇಲೆ ಹಡಗು ಹೋಗುತ್ತದೆ, ನಡುವೆ ಬಂಗುಡೆ ಗುಂಪು ಹೋಗುತ್ತದೆ, ತಳದಲ್ಲಿ ಕೇಬಲ್ ಮಲಗಿರುತ್ತದೆ. ಮೂವರಿಗೂ ಒಂದೇ ಜಾಗ, ಜಗಳ ಇಲ್ಲ. ಆದರೆ ತಳ ಗೋರುವ ಟ್ರಾಲ್ ಬಲೆ ಬಂತೋ, ಕೇಬಲ್‌ಗೆ ಅಪಾಯ. ಎರಡನೆಯದು, ಕಾಲ. ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟ್‌ಗಳು ಬಂದರು ಬಿಡುವಂತಿಲ್ಲ. ನಾಡದೋಣಿಗಳು ಹೋಗಬಹುದು. ಯೋಚಿಸಿ ನೋಡಿದರೆ ಇದೂ ಕಡಲ ಹಂಚಿಕೆಯೇ. ಜಾಗವನ್ನಲ್ಲ, ಕ್ಯಾಲೆಂಡರನ್ನು ಹಂಚಿದ್ದಾರೆ ಅಷ್ಟೆ.

ಪದರದ ಮೇಲೆ ಪದರ

ಯಾವ ಸಾಫ್ಟ್‌ವೇರ್ ಬಳಸಿದರೂ ಮೊದಲ ಕೆಲಸ ಒಂದೇ. ನಕ್ಷೆಗಳನ್ನು ಒಂದರ ಮೇಲೊಂದು ಇಡುವುದು.

ಟೈಲರ್ ಅಂಗಡಿಯಲ್ಲೋ ಡ್ರಾಯಿಂಗ್ ಕ್ಲಾಸಿನಲ್ಲೋ ಬಟರ್ ಪೇಪರ್ ನೋಡಿರುತ್ತೀರಿ. ಒಂದು ಹಾಳೆಯ ಮೇಲೆ ಕಡಲ ಆಳ ಬರೆದಿದೆ. ಇನ್ನೊಂದರ ಮೇಲೆ ಹವಳ. ಮತ್ತೊಂದರ ಮೇಲೆ ಹಡಗಿನ ದಾರಿ. ಎಲ್ಲವನ್ನೂ ಜೋಡಿಸಿ ಬೆಳಕಿಗೆ ಹಿಡಿದರೆ, ಎಲ್ಲಿ ಯಾವುದರ ಮೇಲೆ ಯಾವುದು ಬಿದ್ದಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದನ್ನೇ ಕಂಪ್ಯೂಟರಿನಲ್ಲಿ ಮಾಡುವ ವ್ಯವಸ್ಥೆಗೆ ಜಿಐಎಸ್ ಎನ್ನುತ್ತಾರೆ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಹಡಗಿನ ದಾರಿ ಗೊತ್ತಾಗುವುದು ಎಐಎಸ್ ಎಂಬ ಉಪಕರಣದಿಂದ. ಅಂತರರಾಷ್ಟ್ರೀಯ ಪ್ರಯಾಣ ಮಾಡುವ 300 ಟನ್‌ಗಿಂತ ದೊಡ್ಡ ಹಡಗುಗಳಲ್ಲಿ ಇದು ಕಡ್ಡಾಯ. 'ನಾನು ಇಂಥ ಹಡಗು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಹೋಗುತ್ತಿದ್ದೇನೆ' ಅಂತ ಅದು ಸಾರುತ್ತಲೇ ಇರುತ್ತದೆ. ಆ ಸದ್ದನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟರೆ ಕಡಲ ಮೇಲಿನ ಹೆದ್ದಾರಿಗಳು ಮೂಡುತ್ತವೆ.

ಬರೀ ಪದರ ಜೋಡಿಸಿಯೇ ದೊಡ್ಡ ಕೆಲಸ ಆದ ಉದಾಹರಣೆ ಅಮೆರಿಕದ ಬಾಸ್ಟನ್‌ನಲ್ಲಿದೆ. ಆ ಬಂದರಿಗೆ ಹೋಗುವ ಹಡಗಿನ ದಾರಿ ತಿಮಿಂಗಿಲಗಳು ಮೇಯುವ ಜಾಗದ ಮೇಲೆಯೇ ಹಾದಿತ್ತು. ಡಿಕ್ಕಿ ಹೊಡೆದು ತಿಮಿಂಗಿಲಗಳು ಸಾಯುತ್ತಿದ್ದವು. ಎಲ್ಲೆಲ್ಲಿ ತಿಮಿಂಗಿಲ ಕಂಡಿತ್ತು ಎಂಬ ಹಲವು ವರ್ಷಗಳ ದಾಖಲೆಯನ್ನು ದಾರಿಯ ನಕ್ಷೆಯ ಮೇಲಿಟ್ಟು ನೋಡಿದರು. ದಾರಿಯನ್ನು 12 ಡಿಗ್ರಿಯಷ್ಟು ಉತ್ತರಕ್ಕೆ ತಿರುಗಿಸಿದರೆ ಡಿಕ್ಕಿಯ ಅಪಾಯ 81% ಕಡಿಮೆಯಾಗುತ್ತದೆ ಎಂದು ಲೆಕ್ಕ ಸಿಕ್ಕಿತು. 2007ರಲ್ಲಿ ದಾರಿ ಬದಲಾಯಿತು. ಹಡಗಿನವರಿಗೆ ಆದ ನಷ್ಟ ಕೆಲವೇ ನಿಮಿಷಗಳ ಹೆಚ್ಚು ಪಯಣ.

ಎಲ್ಲ ಸಮಸ್ಯೆಯೂ ಇಷ್ಟು ಸಲೀಸಲ್ಲ. ಬಾಸ್ಟನ್‌ನಲ್ಲಿ ಇದ್ದದ್ದು ಎರಡೇ ಪದರ. ಎಪ್ಪತ್ತು ಪದರ ಇದ್ದರೆ?

ಮದುವೆ ಸಾಮಾನಿನ ಪಟ್ಟಿ

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಹವಳ ದಂಡೆಯ ಉದ್ದ ಸುಮಾರು 2,300 ಕಿ.ಮೀ. ಅದರ ಸುತ್ತಲಿನ ಕಡಲ ಉದ್ಯಾನದ ವಿಸ್ತಾರ 3,44,400 ಚದರ ಕಿ.ಮೀ. ಇಡೀ ಕರ್ನಾಟಕ 1,91,791 ಚದರ ಕಿ.ಮೀ. ಅಂದ ಮೇಲೆ ಅದೆಷ್ಟು ದೊಡ್ಡದು ಅಂತ ಅಂದಾಜು ಮಾಡಿ. 1975ರಲ್ಲಿಯೇ ಇದಕ್ಕೆ ಪ್ರತ್ಯೇಕ ಕಾನೂನು ಬಂದಿತ್ತು. ಆದರೂ 2004ಕ್ಕೆ ಮುಂಚೆ ಮೀನು ಹಿಡಿಯುವುದು ಪೂರ್ತಿ ನಿಷೇಧವಾಗಿದ್ದ ಜಾಗ 5%ಗಿಂತ ಕಡಿಮೆ. ಅದರಲ್ಲೂ ಹೆಚ್ಚಿನದು ಹವಳವೇ. ಹವಳದ ನಡುವಿನ ಮರಳು ತಳ, ಕಡಲ ಹುಲ್ಲು, ಕೆಸರು ಪ್ರದೇಶಗಳನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ವಿಜ್ಞಾನಿಗಳು ಮೊದಲು ಉದ್ಯಾನವನ್ನು 70 ಜೀವ ಪ್ರದೇಶಗಳಾಗಿ ವಿಂಗಡಿಸಿದರು. ಒಂದೇ ಬಗೆಯ ತಳ, ಒಂದೇ ಬಗೆಯ ಜೀವಿಗಳು ಇರುವ ಕಡೆ ಒಂದು ಜೀವ ಪ್ರದೇಶ. 30 ಹವಳದವು, 40 ಹವಳ ಅಲ್ಲದವು. ನಂತರ ನಿಯಮ ಮಾಡಿಕೊಂಡರು: ಈ 70ರಲ್ಲಿ ಪ್ರತಿಯೊಂದರ ಕನಿಷ್ಠ 20% ಭಾಗಕ್ಕೆ ಪೂರ್ತಿ ರಕ್ಷಣೆ ಸಿಗಬೇಕು. ಆದರೆ ಮೀನುಗಾರರಿಗೆ, ಪ್ರವಾಸೋದ್ಯಮಕ್ಕೆ ಆಗುವ ತೊಂದರೆ ಆದಷ್ಟು ಕಡಿಮೆ ಇರಬೇಕು.

ಇಲ್ಲಿ ಬಂದದ್ದು ಮಾರ್ಕ್ಸಾನ್ ಎಂಬ ತಂತ್ರಾಂಶ. ಇಯಾನ್ ಬಾಲ್ ಮತ್ತು ಹ್ಯೂ ಪೊಸಿಂಗ್ಹ್ಯಾಮ್ ಎಂಬ ಆಸ್ಟ್ರೇಲಿಯದ ಸಂಶೋಧಕರು ಸ್ಪೆಕ್ಸಾನ್ ಎಂಬ ತಮ್ಮ ಹಳೆಯ ಪ್ರೋಗ್ರಾಮನ್ನು ಈ ಹವಳ ದಂಡೆಗಾಗಿ ತಿದ್ದಿ ಇದನ್ನು ಮಾಡಿದರು. 'ಮರೈನ್' ಮತ್ತು 'ಸ್ಪೆಕ್ಸಾನ್' ಸೇರಿ ಮಾರ್ಕ್ಸಾನ್. ಕಾರ್ಲ್ ಮಾರ್ಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ.

ಇದು ಕೆಲಸ ಮಾಡುವ ಬಗೆ ತಿಳಿಯಲು ಮದುವೆ ಸಾಮಾನು ತರುವುದನ್ನು ನೆನೆಸಿಕೊಳ್ಳಿ. ಕೈಯಲ್ಲಿ ಉದ್ದನೆಯ ಪಟ್ಟಿ ಇದೆ: ಇಷ್ಟು ಸೀರೆ, ಇಷ್ಟು ಪಂಚೆ, ಇಷ್ಟು ಕೆ.ಜಿ. ಬೆಲ್ಲ, ಇಷ್ಟು ತೆಂಗಿನಕಾಯಿ. ಪೇಟೆಯಲ್ಲಿ ಒಂದು ವಿಚಿತ್ರ ನಿಯಮ. ಯಾವ ಅಂಗಡಿಯವನೂ ಬಿಡಿಯಾಗಿ ಮಾರುವುದಿಲ್ಲ. ಪ್ರತಿ ಅಂಗಡಿಯಲ್ಲಿ ಕಟ್ಟಿಟ್ಟ ಒಂದೇ ಚೀಲ. ಒಂದರಲ್ಲಿ ಎರಡು ಸೀರೆ, ಮೂರು ತೆಂಗಿನಕಾಯಿ. ಇನ್ನೊಂದರಲ್ಲಿ ಬರೀ ಬೆಲ್ಲ. ಬೆಲೆಯೂ ಬೇರೆ ಬೇರೆ. ತೆಗೆದುಕೊಂಡರೆ ಇಡೀ ಚೀಲ, ಇಲ್ಲದಿದ್ದರೆ ಇಲ್ಲ.

ನಿಮ್ಮ ಖರ್ಚಿನಲ್ಲಿ ಮೂರು ಬಾಬ್ತು. ಮೊದಲನೆಯದು ಚೀಲಗಳ ಬೆಲೆ. ಎರಡನೆಯದು ಆಟೋ ಬಾಡಿಗೆ: ಅಂಗಡಿಗಳು ಒಂದೇ ಬೀದಿಯಲ್ಲಿದ್ದರೆ ಕಡಿಮೆ, ಊರೆಲ್ಲಾ ಚದುರಿದ್ದರೆ ಜಾಸ್ತಿ. ಮೂರನೆಯದು, ಪಟ್ಟಿಯಲ್ಲಿ ಏನಾದರೂ ಕಡಿಮೆ ಬಿದ್ದರೆ ಬೀಗರಿಂದ ಕೇಳಬೇಕಾದ ಮಾತು. ಈ ಮೂರನ್ನೂ ಕೂಡಿಸಿದಾಗ ಮೊತ್ತ ಆದಷ್ಟು ಕಡಿಮೆ ಇರಬೇಕು.

ಮಾರ್ಕ್ಸಾನ್ ಮಾಡುವುದು ಇಷ್ಟನ್ನೇ. ಹವಳ ದಂಡೆಯ ಕಡಲನ್ನು 17,000ಕ್ಕೂ ಹೆಚ್ಚು ತುಂಡುಗಳಾಗಿ ಮಾಡಿದ್ದರು, ಬಹಳಷ್ಟು ಜೇನುಗೂಡಿನ ಹಾಗೆ ಆರು ಮೂಲೆಯವು. ಒಂದೊಂದು ತುಂಡೂ ಒಂದೊಂದು ಅಂಗಡಿ. ಅದರೊಳಗಿನ ಹವಳ, ಹುಲ್ಲು, ಮರಳು ತಳವೇ ಚೀಲದ ಸಾಮಾನು. ಆ ತುಂಡನ್ನು ಮುಚ್ಚಿದರೆ ಮೀನುಗಾರಿಕೆಗೆ, ಉಳಿದ ಬಳಕೆಗೆ ಆಗುವ ನಷ್ಟವೇ ಬೆಲೆ. ಆರಿಸಿದ ತುಂಡುಗಳ ಒಟ್ಟು ಗಡಿಯ ಉದ್ದವೇ ಆಟೋ ಬಾಡಿಗೆ. ಚದುರಿದ ತುಂಡುಗಳಿಗೆ ಗಡಿ ಉದ್ದ, ಒಟ್ಟಾಗಿದ್ದರೆ ಗಿಡ್ಡ. ಕಾವಲು ಕಾಯಲೂ ಒಟ್ಟಾಗಿರುವುದೇ ಸುಲಭ, ಮೀನಿಗೂ ಅದೇ ಹಿತ. 20% ಗುರಿ ತಲುಪದಿದ್ದರೆ ಬೀಳುವ ದಂಡವೇ ಬೀಗರ ಮಾತು.

ಎಲ್ಲವನ್ನೂ ಎಣಿಸಿ ನೋಡಬಾರದೇಕೆ?

ಕಂಪ್ಯೂಟರ್ ಇದೆಯಲ್ಲ, ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ನೋಡಿ ಅಗ್ಗದ್ದನ್ನು ಆರಿಸಿದರಾಯಿತು ಅಂತ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪ್ರತಿ ತುಂಡಿಗೂ ಎರಡು ಆಯ್ಕೆ: ಬೇಕು ಅಥವಾ ಬೇಡ. 10 ತುಂಡು ಇದ್ದರೆ 1,024 ಜೋಡಣೆ. 20 ತುಂಡಿಗೆ 10 ಲಕ್ಷ ದಾಟುತ್ತದೆ. 30 ತುಂಡಿಗೆ 107 ಕೋಟಿ. 17,000 ತುಂಡಿಗೆ ಬರುವ ಸಂಖ್ಯೆಯನ್ನು ಬರೆದರೆ ಅದರಲ್ಲಿ 5,000ಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಮೊತ್ತ ಅಷ್ಟು ಅಂತಲ್ಲ, ಅಂಕಿಗಳೇ ಅಷ್ಟು! ಯಾವ ಕಂಪ್ಯೂಟರಿಗೂ ಇದು ಮುಗಿಯುವ ಕೆಲಸ ಅಲ್ಲ.

ಅದಕ್ಕೆ ಮಾರ್ಕ್ಸಾನ್ ಕಮ್ಮಾರರ ಕುಲುಮೆಯ ಉಪಾಯ ಬಳಸುತ್ತದೆ. ಕೆಂಪಗೆ ಕಾದ ಲೋಹವನ್ನು ನಿಧಾನವಾಗಿ ಆರಲು ಬಿಟ್ಟರೆ ಒಳಗಿನ ಕಣಗಳು ಅತ್ತಿತ್ತ ಸರಿದು ಹೊಂದಿಕೊಂಡು ಕೂರುತ್ತವೆ. ತಟ್ಟನೆ ತಣಿಸಿದರೆ ಸಿಕ್ಕಲ್ಲಿ ಸಿಕ್ಕಂತೆ ಬಿಗಿದುಕೊಂಡುಬಿಡುತ್ತವೆ. ಸಾಫ್ಟ್‌ವೇರ್ ಕೂಡ ಹಾಗೇ. ಮೊದಲು ಯಾವುದೋ ಒಂದಿಷ್ಟು ತುಂಡುಗಳನ್ನು ಆರಿಸಿಕೊಳ್ಳುತ್ತದೆ. ಒಂದನ್ನು ಸೇರಿಸಿ, ಇನ್ನೊಂದನ್ನು ಬಿಟ್ಟು, ಮೊತ್ತ ಇಳಿಯಿತೇ ಅಂತ ನೋಡುತ್ತದೆ. ಶುರುವಿನಲ್ಲಿ ಮೊತ್ತ ಸ್ವಲ್ಪ ಏರಿದರೂ ಕೆಲವೊಮ್ಮೆ ಒಪ್ಪಿಕೊಳ್ಳುತ್ತದೆ. ಹೊತ್ತು ಕಳೆದಂತೆ ಬಿಗಿಯಾಗುತ್ತಾ ಹೋಗಿ, ಕೊನೆಗೆ ಇಳಿಸುವ ಬದಲಾವಣೆಯನ್ನು ಮಾತ್ರ ಒಪ್ಪುತ್ತದೆ.

ಮೊದಲಿಗೆ ಏರಿಕೆಯನ್ನು ಒಪ್ಪುವುದೇಕೆ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲೆನಾಡಿನ ಗುಡ್ಡಗಳಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ಬರೀ ಇಳಿಜಾರಿನಲ್ಲೇ ನಡೆದರೆ ಮೊದಲು ಸಿಕ್ಕ ಸಣ್ಣ ಗುಂಡಿಯಲ್ಲೇ ನಿಂತುಬಿಡುತ್ತೀರಿ. ಪಕ್ಕದಲ್ಲೇ ಆಳದ ಕಣಿವೆ ಇದ್ದರೂ ಗೊತ್ತಾಗುವುದಿಲ್ಲ. ಅಲ್ಲಿಗೆ ಹೋಗಲು ನಡುವೆ ಒಂದು ದಿಣ್ಣೆ ಹತ್ತಲೇಬೇಕು.

ಹೀಗೆ ಹುಡುಕಿದರೆ ಪ್ರತಿ ಸಲವೂ ಒಂದೇ ಉತ್ತರ ಬರುವುದಿಲ್ಲ. ನನಗೆ ಈ ತಂತ್ರಾಂಶದಲ್ಲಿ ಬಹಳ ಇಷ್ಟವಾಗುವುದೇ ಇದು. ನೂರು ಸಲ ಓಡಿಸಿದರೆ ನೂರು ನಕ್ಷೆ. ಎಲ್ಲವೂ ಹೆಚ್ಚುಕಡಿಮೆ ಒಳ್ಳೆಯವೇ. ಈಗ ಪ್ರತಿ ತುಂಡೂ ಎಷ್ಟು ನಕ್ಷೆಗಳಲ್ಲಿ ಬಂದಿದೆ ಅಂತ ಎಣಿಸುತ್ತಾರೆ. ಒಂದು ತುಂಡು 98 ನಕ್ಷೆಗಳಲ್ಲಿ ಬಂದರೆ, ಅದಕ್ಕೆ ಬದಲಿ ಸಿಗುವುದು ಕಷ್ಟ. ಇನ್ನೊಂದು 40ರಲ್ಲಿ ಬಂದರೆ, ಅಲ್ಲಿ ಚೌಕಾಸಿಗೆ ಜಾಗ ಇದೆ. 'ಇದನ್ನು ಬಿಡಿ, ಅದನ್ನು ತೆಗೆದುಕೊಳ್ಳಿ' ಅಂತ ಮೀನುಗಾರರು ಹೇಳಿದರೆ ಕೇಳಬಹುದು. ಮಾತುಕತೆಗೆ ಬೇಕಾದದ್ದು ಇಂಥ ಮಾಹಿತಿ ತಾನೇ?

ನಕ್ಷೆಯ ನಂತರ ಬಂದ 31,000 ಪತ್ರ

ಇಷ್ಟೆಲ್ಲ ಮಾಡಿದ ಮೇಲೂ ಮಾರ್ಕ್ಸಾನ್ ಕೊಟ್ಟದ್ದೇ ಕೊನೆಯ ನಕ್ಷೆ ಆಗಲಿಲ್ಲ. ಎರಡು ಸುತ್ತಿನಲ್ಲಿ ಜನರ ಅಭಿಪ್ರಾಯ ಕೇಳಿದರು. ಒಟ್ಟು 31,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ತಾವು ಮೀನು ಹಿಡಿಯುವ ಜಾಗವನ್ನು ಕೈಯಲ್ಲೇ ಗುರುತು ಮಾಡಿ ಕಳಿಸಿದವರೂ ಇದ್ದರು. ಅವೂ ಹೊಸ ಪದರಗಳಾದವು, ಗೆರೆಗಳು ಸರಿದವು.

ಒಂದು ಸಣ್ಣ ಬದಲಾವಣೆ ಗಮನಿಸುವಂಥದ್ದು. ಸಾಫ್ಟ್‌ವೇರ್ ಕೊಡುವ ಗಡಿ ಅಂಕುಡೊಂಕು. ಕಡಲಿನಲ್ಲಿ ಅದನ್ನು ಪಾಲಿಸುವುದು ಹೇಗೆ? ಅದಕ್ಕೆ ಗಡಿಗಳನ್ನು ನೇರ ಮಾಡಿ, ಅಕ್ಷಾಂಶ ರೇಖಾಂಶಗಳಲ್ಲಿ ಹೇಳಿದರು. ಜಿಪಿಎಸ್ ಇದ್ದ ಯಾರಿಗಾದರೂ ತಾವು ಗೆರೆಯ ಆಚೆಯೋ ಈಚೆಯೋ ಅಂತ ತಿಳಿಯುತ್ತದೆ.

2004ರ ಜುಲೈ 1ರಂದು ಹೊಸ ಯೋಜನೆ ಜಾರಿಗೆ ಬಂತು. ಮೀನು ಹಿಡಿಯಬಾರದ ಜಾಗ 5%ಗಿಂತ ಕಡಿಮೆ ಇದ್ದದ್ದು 33% ದಾಟಿತು. ನಕ್ಷೆಯಲ್ಲಿ ಈ ಜಾಗಗಳಲ್ಲಿ ಹೆಚ್ಚಿನವಕ್ಕೆ ಹಸಿರು ಬಣ್ಣ. ಹಳದಿಯಲ್ಲಿ ಮಿತವಾಗಿ ಗಾಳ ಹಾಕಬಹುದು, ಕಡು ನೀಲಿಯಲ್ಲಿ ಟ್ರಾಲಿಂಗ್ ಇಲ್ಲ, ತಿಳಿ ನೀಲಿಯಲ್ಲಿ ಅದಕ್ಕೂ ಅವಕಾಶ ಇದೆ. ಕಸುಬು ಕಳೆದುಕೊಂಡ ಮೀನುಗಾರರಿಗೂ ಸಂಬಂಧಪಟ್ಟ ವ್ಯಾಪಾರಿಗಳಿಗೂ ಸರ್ಕಾರ ಕೊಟ್ಟ ನೆರವು 20 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೀರಿತು. ಮೊದಲು ಅಂದಾಜು ಮಾಡಿದ್ದಕ್ಕಿಂತ ಇದು ಬಹಳ ಜಾಸ್ತಿ. ತುಂಡುಗಳ 'ಬೆಲೆ'ಯನ್ನು ಕಂಪ್ಯೂಟರಿಗೆ ಹೇಳುವುದು ಸುಲಭ, ನಿಜವಾದ ಬೆಲೆ ಆಮೇಲೆ ಗೊತ್ತಾಗುತ್ತದೆ.

ಪೆನ್ಸಿಲ್ ಮೀನುಗಾರರ ಕೈಗೆ

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ 1999ರಲ್ಲಿ ಕಡಲ ಜೀವಿಗಳ ರಕ್ಷಣೆಗೆ ಕಾನೂನು ಬಂತು. ಮೊದಲ ಪ್ರಯತ್ನಗಳಲ್ಲಿ ತಜ್ಞರು ಕೂತು ನಕ್ಷೆ ಬರೆದರು, ಜನ ಸಿಟ್ಟಾದರು, ಕೆಲಸ ನಿಂತಿತು. 2004ರಲ್ಲಿ ಮತ್ತೆ ಶುರು ಮಾಡಿದಾಗ ಗೆರೆ ಎಳೆಯುವ ಕೆಲಸವನ್ನೇ ಮೀನುಗಾರರು, ಡೈವಿಂಗ್‌ನವರು, ಪರಿಸರದವರು ಇದ್ದ ಗುಂಪುಗಳಿಗೆ ಕೊಟ್ಟರು.

ದಕ್ಷಿಣ ಕರಾವಳಿಯ ಸರದಿ ಬಂದಾಗ ಅವರ ಕೈಯಲ್ಲಿ ಮರೈನ್‌ಮ್ಯಾಪ್ ಎಂಬ ಸಾಧನ ಇತ್ತು. ಪರದೆಯ ಮೇಲೆ ಒಂದು ಆಕಾರ ಬರೆದರೆ ಸಾಕು, ಒಳಗೆ ಎಷ್ಟು ಬಂಡೆ ತಳ ಇದೆ, ಗಾತ್ರ ಸಾಕೇ ಅಂತ ಅದೇ ಹೇಳುತ್ತಿತ್ತು. ವಿಜ್ಞಾನಿಗಳು ಕೊಟ್ಟಿದ್ದ ಒಂದು ಅಳತೆ: ಎರಡು ರಕ್ಷಿತ ಜಾಗಗಳ ನಡುವೆ 50ರಿಂದ 100 ಕಿ.ಮೀ.ಗಿಂತ ಹೆಚ್ಚು ಅಂತರ ಬೇಡ. ಮೀನಿನ ಮರಿಗಳು ನೀರಿನ ಜೊತೆ ತೇಲಿಕೊಂಡು ಹೋಗಿ ಮುಂದಿನ ಜಾಗ ಸೇರಬೇಕಲ್ಲ, ಅದಕ್ಕೆ. ಕೊನೆಗೆ ಇಡೀ ರಾಜ್ಯದಲ್ಲಿ 124 ರಕ್ಷಿತ ಜಾಗಗಳಾದವು, ರಾಜ್ಯದ ನೀರಿನ ಸುಮಾರು 16%. ಈ ಸಾಧನವನ್ನು ಕಟ್ಟಿದ ಅನುಭವದಿಂದಲೇ ಮುಂದೆ ಸೀಸ್ಕೆಚ್ ಹುಟ್ಟಿತು, ಈಗ ಅದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಮೀನುಗಾರರ ಜಾಗಗಳ ಬೆಲೆ ಕಂಡುಹಿಡಿಯಲು ಅಲ್ಲಿ ಬಳಸಿದ ವಿಧಾನ ಚಂದ ಇದೆ. ಪ್ರತಿಯೊಬ್ಬರಿಗೂ ನೂರು ನಾಣ್ಯ ಇದೆ ಅಂದುಕೊಳ್ಳಲು ಹೇಳಿದರು. ನಿಮಗೆ ಯಾವ ಜಾಗ ಎಷ್ಟು ಮುಖ್ಯವೋ ಅಷ್ಟು ನಾಣ್ಯ ಅಲ್ಲಿಡಿ. 'ಎಲ್ಲವೂ ಮುಖ್ಯ' ಅನ್ನುವ ಹಾಗಿಲ್ಲ, ಇರುವುದು ನೂರೇ. ಮೀನಿನ ಜಾಗ ಮೀನುಗಾರರ ಗುಟ್ಟು, ಹಾಗಾಗಿ ಒಬ್ಬೊಬ್ಬರ ಉತ್ತರವನ್ನು ಹೊರಗೆ ಬಿಡದೆ, ಎಲ್ಲರದನ್ನೂ ಕೂಡಿಸಿದ ನಕ್ಷೆಯನ್ನೇ ಬಳಸಿದರು.

'ಹೀಗೆ ಮಾಡಿದರೆ ಏನಾಗುತ್ತದೆ?'

ಮೂರನೇ ಬಗೆಯ ಸಾಧನ ಗೆರೆ ಎಳೆಯುವುದಿಲ್ಲ, ಎಳೆದ ಗೆರೆಯ ಪರಿಣಾಮ ಹೇಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನ್ಯಾಚುರಲ್ ಕ್ಯಾಪಿಟಲ್ ಪ್ರಾಜೆಕ್ಟ್ ತಂಡದ ಇನ್‌ವೆಸ್ಟ್ ಇದಕ್ಕೆ ಹೆಸರುವಾಸಿ. ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಮೂರು ಭವಿಷ್ಯಗಳನ್ನು ಬರೆದರು: ರಕ್ಷಣೆಗೆ ಒತ್ತು, ಅಭಿವೃದ್ಧಿಗೆ ಒತ್ತು, ಮತ್ತು ಎರಡರ ನಡುವಿನದು. ಮೂರರಲ್ಲೂ ಲಾಬ್‌ಸ್ಟರ್ ಫಸಲು ಎಷ್ಟು, ಪ್ರವಾಸಿಗಳ ಆದಾಯ ಎಷ್ಟು, ಬಿರುಗಾಳಿಯಿಂದ ದಡಕ್ಕೆ ಸಿಗುವ ರಕ್ಷಣೆ ಎಷ್ಟು ಅಂತ ಲೆಕ್ಕ ಹಾಕಿದರು. ಕಾಂಡ್ಲಾ (ಮ್ಯಾಂಗ್ರೋವ್) ಕಡಿದರೆ ರೆಸಾರ್ಟ್‌ಗೆ ಜಾಗ ಆಗುತ್ತದೆ, ಆದರೆ ಲಾಬ್‌ಸ್ಟರ್ ಮರಿಗಳಿಗೆ ನೆಲೆ ಹೋಗುತ್ತದೆ, ಅಲೆಗೆ ಅಡ್ಡ ನಿಲ್ಲುವುದೂ ಹೋಗುತ್ತದೆ. ಈ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸಿದ್ದೇ ಇಲ್ಲಿನ ವಿಶೇಷ. ನಡುವಿನ ದಾರಿಯನ್ನೇ ಹಲವು ಸಲ ತಿದ್ದಿ, 2016ರಲ್ಲಿ ಸರ್ಕಾರ ಯೋಜನೆಯನ್ನು ಒಪ್ಪಿತು.

ನಕ್ಷೆಗೆ ಕಾಣದ ನಾಡದೋಣಿ

ಇಂಥ ಸಾಧನಗಳಿಂದ ಆಗದ ಕೆಲಸವೂ ಇದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಹಸಿರು ಜಾಗಗಳಲ್ಲಿ ಕೋರಲ್ ಟ್ರೌಟ್ ಮೀನು ಹೆಚ್ಚಿದ್ದು ನಿಜ. ಆದರೆ ಕಡಲು ಬಿಸಿಯಾಗಿ 2016, 2017, 2020, 2022, 2024ರಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಬಿಸಿ ನೀರಿಗೆ ಹಸಿರು ಗೆರೆ ಯಾವುದು, ನೀಲಿ ಗೆರೆ ಯಾವುದು ಅಂತ ಗೊತ್ತಿಲ್ಲ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಸಾಫ್ಟ್‌ವೇರ್‌ಗೆ ಕೊಟ್ಟದ್ದು ಮಾತ್ರ ಕಾಣುತ್ತದೆ. ದೊಡ್ಡ ಹಡಗಿನಲ್ಲಿ ಎಐಎಸ್ ಇದೆ, ಅದರ ದಾರಿ ನಕ್ಷೆಯಲ್ಲಿ ದಪ್ಪ ಗೆರೆಯಾಗಿ ಮೂಡುತ್ತದೆ. ನಾಡದೋಣಿಯಲ್ಲಿ ಅದಿಲ್ಲ. ದಿನಾ ಬೆಳಗ್ಗೆ ಐವತ್ತು ದೋಣಿ ಬೂತಾಯಿಗೆ ಬಲೆ ಬಿಡುವ ಜಾಗವೂ ಪರದೆಯ ಮೇಲೆ ಖಾಲಿ ನೀಲಿಯಾಗಿಯೇ ಇರುತ್ತದೆ. ಮಾರ್ಕ್ಸಾನ್ ಭಾಷೆಯಲ್ಲಿ ಹೇಳುವುದಾದರೆ, ಆ ತುಂಡಿನ ಬೆಲೆ ಸೊನ್ನೆ. ಅಗ್ಗದ ಚೀಲ ಅಂತ ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಮೀನುಗಾರಿಕಾ ಬೋಟ್‌ಗಳಿಗೆ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ) ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಮುಖ್ಯ ಉದ್ದೇಶ ಅಪಾಯದಲ್ಲಿರುವವರ ಜೊತೆ ಸಂಪರ್ಕ. ಬೋಟ್ ಎಲ್ಲಿದೆ ಎಂಬುದು ಅದರಿಂದ ತಿಳಿಯಬಹುದು. ಆ ಜಾಗ ಅವರಿಗೆ ಎಷ್ಟು ಮುಖ್ಯ, ಯಾವ ತಿಂಗಳು ಮುಖ್ಯ, ಅಪ್ಪನ ಕಾಲದಲ್ಲಿ ಅಲ್ಲಿ ಏನು ಸಿಗುತ್ತಿತ್ತು ಎಂಬುದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ.

ನೇತ್ರಾಣಿಗೆ ಒಂದು ದಿನ ಇಂಥ ನಕ್ಷೆ ಆಗುವುದಾದರೆ ಹವಳದ ಪದರಕ್ಕೆ ಡೈವರ್‌ಗಳು ಬೇಕು, ಹಡಗಿನ ಪದರಕ್ಕೆ ಎಐಎಸ್ ದಾಖಲೆ ಬೇಕು. ಮೀನುಗಾರರ ಪದರಕ್ಕೆ ಬೇಕಾದದ್ದು ಬಹಳ ಕಡಿಮೆ: ಒಂದು ದೊಡ್ಡ ಕಾಗದದ ನಕ್ಷೆ, ಎಣಿಸಿಟ್ಟ ನೂರು ನಾಣ್ಯ, ಮತ್ತು ಕಡಲು ಜೋರಾಗಿ ದೋಣಿ ಇಳಿಸಲಾಗದ ಒಂದು ಮಧ್ಯಾಹ್ನ.